ಕೋಳಿಗಳಿಗೆ ಕಾಸಿದ ನೀರು

ಚಳಿಗಾಲದಲ್ಲಿ ನಮ್ಮ ಮನೆಯ ಮೊದಲ ಬಿಸಿನೀರು ಕೋಳಿಗಳಿಗೆ ಸಲ್ಲುತ್ತಿತ್ತು. ಎರಡನೆಯ ಸರದಿ ಆಯಿಯದು, ಎಂದರೆ ನಮ್ಮಪ್ಪನ ತಾಯಿಯದು, ಮೂರನೆಯದು ಅಪ್ಪನದು. ನನ್ನ ಹೆಸರು ಆ ಸಾಲಿನಲ್ಲಿ ಇರಲೇ ಇಲ್ಲ. ರಾತ್ರಿಯೆಲ್ಲ ಹಿತ್ತಲಲ್ಲಿ ಚಳಿ ಕುಡಿದು ನಿಂತ ಕೊಡದ ನೀರನ್ನು ಮುಖಕ್ಕೆ ಎರಚಿಕೊಂಡು ನಾನು ಶಾಲೆಗೆ ಹೋಗತಕ್ಕದ್ದು ಎಂದು ತೀರ್ಮಾನವಾಗಿತ್ತು. ಒಲೆ ಅವ್ವನದು, ಕೋಳಿ ಅವ್ವನವು, ಆದ್ದರಿಂದ ಕಾನೂನೂ ಅವ್ವನದೇ. ಮೇಲಿನ ಕೋರ್ಟು ಎಂದು ಆಯಿ ಇದ್ದಳು. ಆದರೆ ಆಕೆ ತೀರ್ಪು ಕೊಡುತ್ತಿದ್ದಳೇ ಹೊರತು ಅದನ್ನು ಜಾರಿ ಮಾಡಿಸುವ ಬಲ ಆಕೆಗಿರಲಿಲ್ಲ.

ಯರಗುಪ್ಪಿಯ ಆಚೆಗಿನ ನಮ್ಮ ಊರು ಎರಿಹೊಲಗಳ ನಟ್ಟನಡುವೆ ಕೂತಿದೆ. ಕಣ್ಣು ಹಾಯುವವರೆಗೂ ಕರಿಮಣ್ಣು, ಹತ್ತಿ, ಬಿಳಿಜೋಳ. ಗಾಳಿಯನ್ನು ನಿಲ್ಲಿಸಿ ಎಲ್ಲಿಗೆ ಹೊರಟೆ ಎಂದು ಕೇಳುವ ಒಂದು ಗುಡ್ಡವಿಲ್ಲ. ಎಳ್ಳಮಾಸಿ ಹತ್ತಿರ ಬಂತೆಂದರೆ ಆ ಗಾಳಿ ಹಿತ್ತಲ ಬಾಗಿಲ ಕೆಳಗಿನಿಂದ ನುಗ್ಗಿ, ಅಡಿಗೆಮನೆ ದಾಟಿ, ಪಡಸಾಲೆಯಲ್ಲಿ ಕೌದಿ ಹೊದ್ದು ಮಲಗಿದವರ ಕಾಲ ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿ ಮುಂಬಾಗಿಲಿನಿಂದ ಹೊರಗೆ ಹೋಗುತ್ತಿತ್ತು. ಮಣ್ಣಿನ ಮಾಳಿಗೆಯ ಮನೆ ನಮ್ಮದು. ಅಡಿಗೆಮನೆಯ ಬಾಜು ಜೋಳದ ಚೀಲಗಳನ್ನು ಇಡುವ ಒಂದು ಕತ್ತಲ ಕೋಣೆ. ಆ ಕೋಣೆಗೆ ಹಿತ್ತಲ ಕಡೆ ಮೊಳದಗಲದ ಒಂದು ಕಿಟಕಿ. ಆ ಕಿಟಕಿಯಿಂದ ಬೆಳಕು ಬರುವುದಕ್ಕಿಂತ ಹೆಚ್ಚಾಗಿ ಕೋಳಿಗಳ ಮಾತು ಒಳಗೆ ಬರುತ್ತಿತ್ತು.

ಅವ್ವನ ಸಿದ್ಧಾಂತ ಹೀಗಿತ್ತು. ಚಳಿಗೆ ಕೋಳಿ ಮೊದಲು ನೀರು ಬಿಡುತ್ತದೆ. ನೀರು ಬಿಟ್ಟ ಕೋಳಿ ಕಾಳು ಬಿಡುತ್ತದೆ. ಕಾಳು ಬಿಟ್ಟ ಕೋಳಿ ಮೂಲೆ ಹಿಡಿದು, ರೆಕ್ಕೆ ಇಳಿಬಿಟ್ಟು, ಕಣ್ಣು ಮುಚ್ಚಿ ಕೂಡುತ್ತದೆ. ಆಮೇಲೆ ಅದಕ್ಕೆ ಯಾವ ಔಷಧವೂ ಇಲ್ಲ. ಆದ್ದರಿಂದ ಹೊತ್ತು ಮೂಡುವ ಮೊದಲು ಆಕೆ ಕೆರೆಯ ನೀರನ್ನು ಹಿತ್ತಾಳೆಯ ತಪ್ಪೇಲಿಯಲ್ಲಿ ಒಲೆಯ ಮೇಲಿಟ್ಟು, ಹತ್ತಿಕಟ್ಟಿಗೆಯ ಉರಿ ಹಚ್ಚಿ, ಚಿಟಿಕೆ ಅರಿಷಿಣ, ಜಜ್ಜಿದ ನಾಲ್ಕು ಎಸಳು ಬಳ್ಳೊಳ್ಳಿ ಹಾಕುತ್ತಿದ್ದಳು. ನೀರು ಕುದಿಯಬಾರದು, ಬರಿ ಬೆಚ್ಚಗಾಗಬೇಕು. ಹದ ನೋಡುವುದಕ್ಕೆ ಕೂಸಿಗೆ ಎರೆಯುವ ನೀರಿಗೆ ನೋಡುವಂತೆ ಮೊಣಕೈ ಅದ್ದುತ್ತಿದ್ದಳು. ಆಮೇಲೆ ಒಡೆದ ಗಡಿಗೆಯ ತಳದಲ್ಲಿ ಅದನ್ನು ಸುರುವಿ, ಕೋಳಿ ಮುಚ್ಚಿದ್ದ ಬುಟ್ಟಿ ಎತ್ತಿದರೆ ಕೋಳಿಗಳು ಓಡಿ ಬಂದು ಕೊಕ್ಕು ಅದ್ದಿ, ತಲೆ ಎತ್ತಿ, ಮತ್ತೆ ಅದ್ದಿ, ಮತ್ತೆ ಎತ್ತಿ ಕುಡಿಯುತ್ತಿದ್ದವು. ಆಯಿಗೆ ಇದೊಂದು ಉಪದೇಶದ ಸಮಯ.

“ಗುಟುಕಿಗೊಮ್ಮೆ ದೇವರ ಮಾರಿ ನೋಡತೈತಿ ನೋಡ ಕಸ್ತೂರಿ. ನೀ ಉಣ್ಣೂ ಮುಂದ ಒಮ್ಮೆರೆ ನೋಡೀಯೇನ?”

ನಾನು ನೋಡಿರಲಿಲ್ಲ. ದೇವರೂ ನನ್ನ ತಾಟಿನ ಕಡೆ ಅಂಥ ಲಕ್ಷ್ಯ ಕೊಟ್ಟ ಹಾಗೆ ಕಾಣುತ್ತಿರಲಿಲ್ಲ.

ನಾನು ಹೇಳಹೊರಟ ಚಳಿಗಾಲದಲ್ಲಿ ಈ ನೀರಿಗೆ ಬೆಲ್ಲ, ಅಜವಾನ, ಒಣಶುಂಠಿ ಸೇರಿದವು. ನಮ್ಮಕ್ಕ ಶಾಂತವ್ವ ಮೊದಲ ಹೆರಿಗೆಗೆ ಗಂಡನ ಊರು ತಂಬೂರದಿಂದ ತವರಿಗೆ ಬರುವವಳಿದ್ದಳು. ಅಕ್ಕ ಬರುವುದಕ್ಕಿಂತ ತಿಂಗಳು ಮೊದಲೇ ಅವ್ವ ನಾಲ್ಕು ಹ್ಯಾಟೆಗಳನ್ನು, ಎಂದರೆ ಹೆಣ್ಣುಕೋಳಿಗಳನ್ನು, ಆರಿಸಿ, ಅವುಗಳ ಕಾಲಿಗೆ ತನ್ನ ಹಳೆಯ ಸೀರೆಯ ಕೆಂಪು ಅಂಚನ್ನು ಹರಿದು ಕಟ್ಟಿದಳು. ಕೆಂಪು ಅಂಚು ಕಟ್ಟಿದ ಕೋಳಿ ಬಾಣಂತಿಯ ಸಾರಿಗೆ ಮೀಸಲು. ನೆಂಟರು ಬರಲಿ, ಹಬ್ಬ ಬರಲಿ, ಮುಟ್ಟುವಂತಿಲ್ಲ. ಬಾಣಂತಿಯ ಮೈ ಹಸಿ ಇರುತ್ತದೆ, ತಣ್ಣೀರು ಕುಡಿದು ಬೆಳೆದ ಕೋಳಿಯ ಮಾಂಸ ಥಂಡಿ, ಆ ಥಂಡಿ ತಾಯಿಯ ಹಾಲಿಗೆ, ಹಾಲಿನಿಂದ ಕೂಸಿನ ಎದೆಗೆ ಇಳಿಯುತ್ತದೆ ಎಂಬುದು ನಮ್ಮ ಓಣಿಯ ಎಲ್ಲ ಹೆಂಗಸರೂ ಒಪ್ಪಿದ ಶಾಸ್ತ್ರ. ಬಾಣಂತಿ ಏನು ಕುಡಿಯಬೇಕೋ ಅದನ್ನೇ ಕೋಳಿಗೂ ಕುಡಿಸಿ ಬೆಳೆಸಿದರೆ ಔಷಧ ಮಾಂಸದಲ್ಲಿ ಕೂತಿರುತ್ತದೆ, ಸಾರಿನಲ್ಲಿ ಇಳಿಯುತ್ತದೆ. ಆಯಿಗೂ ಈ ಶಾಸ್ತ್ರ ಒಪ್ಪಿಗೆಯೇ. ಬೆಲ್ಲದ ಪ್ರಮಾಣದ ಬಗ್ಗೆ ಮಾತ್ರ ಭಿನ್ನಮತ. ಬೆಲ್ಲದ ಡಬ್ಬಿಯನ್ನು ಆಕೆ ತನ್ನ ತಲೆದಿಂಬಿನ ಬಳಿ ಇಟ್ಟುಕೊಂಡಿದ್ದಳು, ರಾಜ್ಯದ ಖಜಾನೆ ಎಲ್ಲಿರಬೇಕೋ ಅಲ್ಲಿ.

“ಮನಷ್ಯಾರ ಚಾಕ್ಕ ಬೆಲ್ಲ ಇಲ್ಲ, ಇವಕ್ಕ ದಿನಾ ಪಾನಕ.”

“ಕೋಳಿ ಕುಡದದ್ದ ಬಾಣಂತಿ ಕುಡದಂಗರೀ ಅತ್ತಿ. ನಿಮ್ಮ ಮೊಮ್ಮಗಳ ಹೊಟ್ಟಿಗೇ ಹೋಗತೈತಿ.”

“ಹಂಗಾರ ಆಕೀಗೇ ಕುಡಸು. ನಡುವ ಈ ದಲಾಲಿ ಕೋಳಿ ಯಾಕ?”

ಅವ್ವ ಕೈ ಚಾಚಿ ನಿಲ್ಲುತ್ತಿದ್ದಳು. ಆಯಿ ಗೊಣಗುತ್ತ ಅಡಿಕೆಯಷ್ಟು ಬೆಲ್ಲ ಮುರಿದು ಕೊಡುತ್ತಿದ್ದಳು. ಅವ್ವ ಅದನ್ನು ನೋಡಿ ಮತ್ತೆ ಕೈ ಚಾಚುತ್ತಿದ್ದಳು. ಪ್ರತಿ ಬೆಳಿಗ್ಗೆ ನಡೆಯುತ್ತಿದ್ದ ಈ ಸಂಧಾನ ಮುಗಿಯುವವರೆಗೆ ಕೋಳಿಗಳು ಬುಟ್ಟಿಯ ಕೆಳಗೆ ಗದ್ದಲ ಹಾಕುತ್ತಿದ್ದವು.

ಹಿತ್ತಲ ಗೋಡೆಯ ಆಚೆ ಗುರುಬಸವ್ವನವರ ಮನೆ. ಎದೆಯ ಮೇಲೆ ಲಿಂಗ ಧರಿಸಿದ, ಮೂರು ಹೊತ್ತು ಪೂಜೆಯ ಮನೆತನ. ಅವರ ಬಾಯಲ್ಲಿ ಕೋಳಿ ಎಂಬ ಮಾತು ಬರುತ್ತಿರಲಿಲ್ಲ. “ನಿಮ್ಮ ಪಕ್ಷಿಗೋಳು” ಎನ್ನುತ್ತಿದ್ದರು. ನಮ್ಮ ಪಕ್ಷಿಯೊಂದು ಗೋಡೆ ಹಾರಿ ಅವರ ಹಿತ್ತಲಲ್ಲಿ ಇಳಿಯಿತೆಂದರೆ ಸೆಗಣಿಯಿಂದ ನೆಲ ಸಾರಿಸುವವರೆಗೆ ಆ ಮನೆಯಲ್ಲಿ ಒಲೆ ಉರಿಯುತ್ತಿರಲಿಲ್ಲ. ನಮ್ಮ ಮನೆಯ ಹೊಸ್ತಿಲನ್ನು ಆಕೆ ಎಂದೂ ದಾಟಿದವರಲ್ಲ. ಆದರೆ ವಾರಕ್ಕೆರಡು ಬಾರಿ ಗೋಡೆಯ ಮೇಲಿಂದ ಒಂದು ಚರಿಗೆ ಮಜ್ಜಿಗೆ ಇಳಿದು ಬರುತ್ತಿತ್ತು. “ನಿಮ್ಮ ಕರಾಕ್ಕ ಹಾಕ್ರಿ ನೀಲವ್ವ” ಎಂದು ಅವ್ವನಿಗೆ ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಕರು ಇರಲಿಲ್ಲ. ಇದು ಅವರಿಗೆ ಗೊತ್ತಿತ್ತು, ಅವರಿಗೆ ಗೊತ್ತಿದೆ ಎಂಬುದು ಅವ್ವನಿಗೂ ಗೊತ್ತಿತ್ತು. ಮಜ್ಜಿಗೆಯನ್ನು ಮಧ್ಯಾಹ್ನದ ನೀರಿಗೆ ಬೆರೆಸಿ ಕೋಳಿಗಳಿಗೆ ಇಡುತ್ತಿದ್ದಳು. ಇಲ್ಲದ ಆ ಕರುವಿನ ಯೋಗಕ್ಷೇಮವನ್ನು ಗುರುಬಸವ್ವನವರು ವರ್ಷಗಟ್ಟಲೆ ವಿಚಾರಿಸಿದರು, ಅವ್ವ ವರ್ಷಗಟ್ಟಲೆ ಅದು ಚೆನ್ನಾಗಿದೆ ಎಂದಳು.

ಅಕ್ಕ ಬಂದಳು. ಏಳು ತಿಂಗಳಿಗೆ ಉಡಿ ತುಂಬಿದಾಗ ಇಡಿಸಿದ ಹಸಿರು ಗಾಜಿನ ಬಳೆಗಳು ಮೊಣಕೈ ತನಕ. ನಡೆದರೆ ಮನೆಯಿಡೀ ಗೊತ್ತಾಗುತ್ತಿತ್ತು. ತಂಬೂರ ಗದ್ದೆಯ ಸೀಮೆ, ಎರಡು ಹೊತ್ತೂ ಅನ್ನ. ಅಲ್ಲಿ ತನ್ನನ್ನು ಅನ್ನ ಹಾಕಿಯೇ ಸೊರಗಿಸಿದ್ದಾರೆ ಎಂದು ದೂರುತ್ತ ಆಕೆ ಬಂದ ದಿನವೇ ಮೂರು ಬಿಸಿರೊಟ್ಟಿ ಉಂಡಳು; ಮರುದಿನ ಬೆಳಿಗ್ಗೆ ಮುಖ ತೊಳೆಯಲು ಹಿತ್ತಲಿಗೆ ಹೋದವಳು ಅವ್ವ ಕೋಳಿಗಳಿಗೆ ಅಜವಾನದ ನೀರು ಹಾಕುವುದನ್ನು ಸೊಂಟದ ಮೇಲೆ ಕೈಯಿಟ್ಟು ನೋಡಿದಳು.

“ಅವ್ವಾ, ನನ್ನ ಬಾಣಂತನಾ ಇವು ಮುಂಗಡ ಮಾಡಿಸ್ಕೊಳ್ಳಾಕತ್ತಾವಲ್ಲ ಬೇ.”

“ನಗಬ್ಯಾಡ. ನಾಳೆ ನಿನ್ನ ಸಾರಿನ್ಯಾಗ ಬರತಾವ.”

“ಬರೂ ಮುಂದ ಸ್ವೆಟರ ಹಾಕ್ಕೊಂಡ ಬರತಾವೇನ?”

ಅವ್ವ ನಗು ತಡೆಯಲು ಸೆರಗಿನಿಂದ ಮೂಗು ಒರೆಸಿಕೊಂಡಳು. ನಾಲ್ಕರಲ್ಲಿ ಒಂದು ಬೂದು ಬಣ್ಣದ ದಪ್ಪ ಹ್ಯಾಟೆ. ಸದಾ ಯಾರದೋ ತಪ್ಪು ಕಂಡುಹಿಡಿದಂತೆ ಕತ್ತು ವಾರೆ ಮಾಡಿ ನೋಡುತ್ತಿತ್ತು. ಅಕ್ಕ ಅದರಲ್ಲಿ ತನ್ನ ಅತ್ತೆಯ ಸಂಪೂರ್ಣ ಹೋಲಿಕೆಯನ್ನು ಕಂಡು ಅದಕ್ಕೆ ತಂಬೂರದವ್ವ ಎಂದು ಹೆಸರಿಟ್ಟಳು. ಮೊದಲು ಕೊಯ್ಯುವುದು ತಂಬೂರದವ್ವನನ್ನೇ ಎಂದು ಆಗಲೇ ನಿಶ್ಚಯವಾಯಿತು. ಆ ದಿನಗಳಲ್ಲಿ ಆಯಿ ಪಡಸಾಲೆಯಲ್ಲಿ ಕೂತು ಹಳೆಯ ಸೀರೆಗಳ ತುಂಡು ಜೋಡಿಸಿ ಕೂಸಿಗೆ ಕುಂಚಿಗೆ ಹೊಲಿಯುತ್ತಿದ್ದಳು. ಸೂಜಿಗೆ ದಾರ ಪೋಣಿಸಿ ಕೊಡುವ ಕೆಲಸ ನನ್ನದು. ಕತ್ತಲ ಕೋಣೆಯ ಜೋಳದ ಚೀಲಗಳು ಪಡಸಾಲೆಗೆ ಬಂದವು, ಅಕ್ಕ ಮಲಗಲು ಹೊರಸು ಒಳಗೆ ಹೋಯಿತು, ಹೊರಸಿನ ಕೆಳಗೆ ಕೆಂಡದ ಅಗ್ಗಿಷ್ಟಿಗೆ ಇಡಲು ಜಾಗ ಸಾರಿಸಿದರು. ನಾವೆಲ್ಲ ಅಷ್ಟು ಸಿದ್ಧರಾಗಿದ್ದೆವು.

ಕೂಸು ಅಳಲಿಲ್ಲ. ಬೆಳಿಗ್ಗೆ ಹೊತ್ತು ಮೂಡಿದ ಮೇಲೆ ಹುಟ್ಟಿತು. ಸೂಲಗಿತ್ತಿ ಅದನ್ನು ಬೋರಲು ಹಿಡಿದು ಬೆನ್ನು ತಿಕ್ಕಿದಳು, ಬಾಯಲ್ಲಿ ಬೆರಳಾಡಿಸಿದಳು. ಅಳದ ಕೂಸಿನ ಕಿವಿಯ ಬಳಿ ಕಂಚಿನ ತಾಟು ಬಾರಿಸುವ ಪದ್ಧತಿ ನಮ್ಮಲ್ಲಿದೆ. ಆಯಿ ತಾಟು ತೆಗೆದುಕೊಂಡು ಬಾರಿಸಲು ಶುರುಮಾಡಿದಳು. ನಾನು ಅಡಿಗೆಮನೆಯಲ್ಲಿ ಕೂತು ಕೇಳುತ್ತಿದ್ದೆ. ಬಾರಿಸಿದಳು, ಬಾರಿಸಿದಳು. ಹಿತ್ತಲ ಕೋಳಿಗಳು ಬೆದರಿ ಗೋಡೆ ಹಾರಿ ಗುರುಬಸವ್ವನವರ ಹಿತ್ತಲಲ್ಲಿ ಇಳಿದವು, ಅಂದು ಅಲ್ಲಿಂದ ಯಾರೂ ಏನೂ ಅನ್ನಲಿಲ್ಲ. ಆಮೇಲೆ ಸೂಲಗಿತ್ತಿ ಆಯಿಯ ಕೈ ಹಿಡಿದು ಸಾಕು ಎಂದಳು. ಅಪ್ಪ ಕುಂಚಿಗೆಯಲ್ಲಿ ಸುತ್ತಿದ ಕೂಸನ್ನು ಎದೆಗವಚಿಕೊಂಡು ಹೊಲದ ಬದುವಿಗೆ ಹೋದ. ಗಂಡೋ ಹೆಣ್ಣೋ ಎಂದು ನಾನು ಕೇಳಿದೆ. ನನಗೆ ಯಾರೂ ಹೇಳಲಿಲ್ಲ, ಮುಂದೆ ನಾನೂ ಕೇಳಲಿಲ್ಲ.

ಕೂಸಿಲ್ಲದಿದ್ದರೂ ಬಾಣಂತನ ನಡೆಯಬೇಕು ಎಂದು ಅವ್ವ ಅಂದೇ ಸಾರಿದಳು. ಕೂಸು ಹೋದರೆ ಮೈ ಹಸಿ ಇರುವುದು ತಪ್ಪುತ್ತದೆಯೇ ಎಂದು ಅಪ್ಪನನ್ನೇ ಕೇಳಿದಳು. ಹಾಗಾಗಿ ಎಲ್ಲವೂ ಕ್ರಮದಂತೆ ನಡೆಯಿತು: ಎಣ್ಣೆ ತಿಕ್ಕುವುದು, ಹಂಡೆ ನೀರು ಎರೆಯುವುದು, ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಹೊರಸಿನ ಕೆಳಗೆ ಕೆಂಡ, ಕೆಂಡಕ್ಕೆ ಲೋಬಾನ. ತೊಟ್ಟಿಲು ಕಟ್ಟಲು ತೊಲೆಗೆ ಹಾಕಿದ್ದ ಹಗ್ಗವನ್ನು ಮಾತ್ರ ಅಪ್ಪ ಬಿಚ್ಚಿದ. ಬೆಳಿಗ್ಗೆ ಅವ್ವ ಒಂದೇ ತಪ್ಪೇಲಿಯಲ್ಲಿ ನೀರು ಕಾಸಿ, ಅರ್ಧವನ್ನು ಕೋಳಿಗಳ ಗಡಿಗೆತಳಕ್ಕೂ ಅರ್ಧವನ್ನು ಅಕ್ಕನ ತಂಬಿಗೆಗೂ ಸುರುವಿ, ತಂಬಿಗೆಯನ್ನು ಕೋಣೆಗೆ ಒಯ್ದಳು. ಬಾಗಿಲಲ್ಲಿ ನಾನಿದ್ದೆ.

“ಕುಡಿ. ಇಲ್ಲಂದ್ರ ಮೈಗೆ ಥಂಡಿ ಏರತೈತಿ.”

ಅಕ್ಕ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು. ಕುಪ್ಪಸದ ಮುಂಭಾಗ ಒದ್ದೆಯಾಗಿತ್ತು.

“ಅದನ್ನ ಕುಡದ್ರ ಹಾಲ ಬರತಾವ ಬೇ,” ಎಂದಳು. “ಬಂದ್ರ ಯಾರಿಗೆ ಕುಡಸ್ಲಿ?”

ಅವ್ವ ತಂಬಿಗೆಯನ್ನು ಹೊರಸಿನ ಬಳಿ ಇಟ್ಟು, ಅಗ್ಗಿಷ್ಟಿಗೆಯ ಕೆಂಡವನ್ನು ಸುಮ್ಮನೆ ಕೆದರಿ, ಹೊರಗೆ ಬಂದಳು. ಸಂಜೆಗೆ ನೀರು ಹಾಗೇ ತಣ್ಣಗಾಗಿ ಕೂತಿತ್ತು. ಮರುದಿನ ಮತ್ತೆ ಒಯ್ದಿಟ್ಟಳು. ಅಂದು ತಂಬಿಗೆ ಬರಿದಾಗಿ ಬಂತು. ಅದರ ಮರುದಿನವೂ ಬರಿದಾಗಿಯೇ ಬಂತು. ಅವ್ವನ ಮುಖ ಸ್ವಲ್ಪ ಸಡಿಲಾಯಿತು. ಆಯಿಯ ಹತ್ತಿರ ಬೆಲ್ಲಕ್ಕೆ ಕೈ ಚಾಚುವಾಗ ಹಳೆಯ ಜೋರು ತುಸು ಮರಳಿತು. ಆಯಿಯೂ ಈಗ ಕೇಳುವ ಮೊದಲೇ ಕೊಡುತ್ತಿದ್ದಳು, ಆದರೆ ಕೊಡುವ ಮುಂಚೆ ಒಮ್ಮೆ ಡಬ್ಬಿಯ ಮುಚ್ಚಳವನ್ನು ಹಾಕಿ ತೆಗೆಯುತ್ತಿದ್ದಳು. ತಲೆಮಾರುಗಳ ಪದ್ಧತಿಯನ್ನು ಒಂದೇ ಸಲ ಬಿಡಲಾಗುವುದಿಲ್ಲ.

ಗುಟ್ಟನ್ನು ರಟ್ಟು ಮಾಡಿದ್ದು ಕೋಳಿಗಳು. ಬೆಳಿಗ್ಗೆ ಬುಟ್ಟಿ ಎತ್ತಿದರೆ ಅಡಿಗೆಮನೆಯ ಬಾಗಿಲಿಗೆ ಓಡಿ ಬರುವುದು ಅವುಗಳ ವಾಡಿಕೆ. ಆ ವಾರ ಅವು ಗಡಿಗೆತಳದಲ್ಲಿ ನಾಲ್ಕು ಗುಟುಕು ಕುಡಿದ ಶಾಸ್ತ್ರ ಮಾಡಿ, ಮನೆಯ ಮೂಲೆ ಸುತ್ತಿ ಕತ್ತಲ ಕೋಣೆಯ ಕಿಟಕಿಯ ಕೆಳಗೆ ಹೋಗಿ ಸಾಲಾಗಿ ನಿಲ್ಲತೊಡಗಿದವು. ಅವ್ವ ಒಂದು ಬೆಳಿಗ್ಗೆ ಕಸಬರಿಗೆ ಹಿಡಿದು ಹಿತ್ತಲು ಉಡುಗುತ್ತಿದ್ದವಳು ಅದನ್ನು ಕಂಡು ನಿಂತಳು. ನಾನು ಆಕೆಯ ಹಿಂದೆ ಇದ್ದೆ. ಕಿಟಕಿಯಿಂದ ಒಂದು ಕೈ ಹೊರಗೆ ಬಂತು. ಹಸಿರು ಬಳೆಗಳು ಮೊಣಕೈ ಕಡೆ ಜಾರಿದವು. ಕೈ ಅಷ್ಟು ಸಣ್ಣಗಾಗಿತ್ತು. ತಂಬಿಗೆ ವಾಲಿತು, ಕಿಟಕಿಯ ಕೆಳಗೆ ತೊಟ್ಟಿಯಂತಿದ್ದ ಕಲ್ಲಿನ ದೋಣಿಗೆ ನೀರು ಹೊಗೆಯಾಡುತ್ತ ಬಿತ್ತು.

“ನೀವರೆ ಕುಡೀರಿ,” ಎಂದಿತು ಒಳಗಿನ ದನಿ.

ಕೋಳಿಗಳು ಕುಡಿದವು. ಅವ್ವ ಕಸಬರಿಗೆಯನ್ನು ಸಪ್ಪಳವಾಗದಂತೆ ಗೋಡೆಗೆ ಒರಗಿಸಿ, ನನ್ನ ತೋಳು ಹಿಡಿದು ಅಡಿಗೆಮನೆಗೆ ಕರೆತಂದಳು. ಆಯಿ ಪಡಸಾಲೆಯಿಂದ, ಹುಡುಗಿ ಕುಡಿಯುತ್ತಿದ್ದಾಳೆಯೇ ಎಂದು ಕೇಳಿದಳು. ಕುಡಿಯುತ್ತಿದ್ದಾಳೆ ಎಂದು ಅವ್ವ ಹೇಳಿದಳು. ಅತ್ತೆಗೆ ಆಕೆ ಅದುವರೆಗೆ ಸಾವಿರ ಮಾತು ಎದುರು ಹೇಳಿದ್ದಳು, ಸುಳ್ಳು ಹೇಳಿದ್ದು ನಾನು ಕೇಳಿದ್ದು ಅದೊಂದೇ. ಆಮೇಲೆ ಒಲೆಯ ಮುಂದೆ ಕೂತು ತಪ್ಪೇಲಿ ಬೆಳಗುತ್ತ, ನನಗೋ ತಪ್ಪೇಲಿಗೋ ತಿಳಿಯದಂತೆ ಮಾತಾಡಿದಳು.

“ಹೋಗ್ಲಿ ಬಿಡು. ಹೊಳಿಗೇನ ಹೋಗಿಲ್ಲ. ಎಲ್ಲಾ ಅದರಾಗ ಕೂಡಿ ಇರತೈತಿ. ಇಂದಿಲ್ಲ ನಾಳೆ ಉಣತಾಳ.”

ಅಂದಿನಿಂದ ಅಕ್ಕನ ತಂಬಿಗೆ ದೊಡ್ಡದಾಯಿತು. ಬೆಲ್ಲ ಹೆಚ್ಚಾಯಿತು, ಶುಂಠಿ ಹೆಚ್ಚಾಯಿತು, ಬೆಳಿಗ್ಗೆ ಒಂದು ಸಲ ಇದ್ದದ್ದು ಸಂಜೆಗೂ ಆಯಿತು. ಮಗಳು ಕಿಟಕಿಯಿಂದ ಸುರುವಿದ್ದೆಲ್ಲ ಕೋಳಿಯ ಮೈಯಲ್ಲಿ ಸೇರಿ, ಒಂದಲ್ಲ ಒಂದು ದಿನ ಸಾರಾಗಿ ಮಗಳ ಹೊಟ್ಟೆಗೇ ಮರಳುತ್ತದೆ ಎಂದು ಅವ್ವ ನಂಬಿದಳು. ನಂಬಲು ಆಕೆಗೆ ಬೇರೆ ಏನೂ ಇರಲಿಲ್ಲ. ದಿನಾ ಬೆಳಿಗ್ಗೆ ಕೋಣೆಯ ಬಾಗಿಲಲ್ಲಿ ನಿಂತು ಇವತ್ತು ಒಂದನ್ನು ಕೊಯ್ಯಲೇ ಎಂದು ಕೇಳುತ್ತಿದ್ದಳು. ಅಕ್ಕ ಸಿಟ್ಟಾಗುತ್ತಿರಲಿಲ್ಲ, ಅಳುತ್ತಲೂ ಇರಲಿಲ್ಲ. ಇಂದು ಬೇಡ, ನಾಳೆ ಎನ್ನುತ್ತಿದ್ದಳು. ರೊಟ್ಟಿಯ ಅಂಚನ್ನು ಹಾಲಲ್ಲಿ ನೆನೆಸಿ ಎರಡು ತುತ್ತು ತಿನ್ನುತ್ತಿದ್ದಳು. ಇಡೀ ಓಣಿಯಲ್ಲಿ ಆ ಚಳಿಗಾಲ ಕೋಳಿಗಳಿಗೆ ಬೇನೆ ಬಿದ್ದು ಬುಟ್ಟಿಗಳು ಬರಿದಾದವು. ನಮ್ಮ ನಾಲ್ಕು ಹ್ಯಾಟೆಗಳು ಮಾತ್ರ ಕೆಂಪು ಅಂಚು ಕಟ್ಟಿಕೊಂಡು, ಮೈ ತುಂಬಿ, ರೆಕ್ಕೆಗೆ ಎಣ್ಣೆ ಹಚ್ಚಿದಂತೆ ಮಿಂಚುತ್ತ ತಿರುಗಿದವು. ಓಣಿಯವರು ಬಂದು ಏನು ಹಾಕುತ್ತೀ ಎಂದು ಕೇಳಿದರೆ ಅವ್ವ ನೀರು ಎಂದಷ್ಟೇ ಹೇಳುತ್ತಿದ್ದಳು. ಒಳಗೆ ಹೊರಸಿನ ಮೂಲೆಯಲ್ಲಿ ಅಕ್ಕ ಎರಡೂ ಕೈ ಇಳಿಬಿಟ್ಟು, ಕಣ್ಣು ಮುಚ್ಚಿ ಕೂತಿರುತ್ತಿದ್ದಳು. ಅವ್ವನಿಗೆ ಆ ಕೂತ ಭಂಗಿ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು.

ಒಂದು ಬೆಳಿಗ್ಗೆ ಅಕ್ಕನೇ ಕರೆದಳು. ಮುಖ ಕೆಂಪಗಿತ್ತು, ನಮಗೆ ಅದು ಕಳೆ ಬಂದಂತೆ ಕಂಡಿತು.

“ಅವ್ವಾ, ಇವತ್ತ ತಂಬೂರದವ್ವನ್ನ ಹಿಡಿ. ಸಂಜೀಕ ಉಣತೀನಿ.”

ಅವ್ವ ಓಡಿದ್ದನ್ನು ನಾನು ಅಂದು ಮೊದಲ ಸಲ ನೋಡಿದೆ. ತಂಬೂರದವ್ವನನ್ನು ಹಿತ್ತಲ ತುಂಬ ಅಟ್ಟಿಸಿಕೊಂಡು ಹೋಗಿ ಹಿಡಿದು, ಬುಟ್ಟಿ ಬೋರಲು ಹಾಕಿ, ಮೇಲೆ ಕಲ್ಲು ಹೇರಿದಳು. ಒಣಕೊಬ್ಬರಿ ಸುಟ್ಟಳು, ಮೆಣಸು ಹುರಿದಳು, ಬಳ್ಳೊಳ್ಳಿ ಸುಲಿಯಲು ನನ್ನನ್ನು ಕೂಡಿಸಿದಳು. ಅಪ್ಪ ಹೊಲದಿಂದ ಬಂದೊಡನೆ ಕೊಯ್ಯಬೇಕೆಂದು ಹೇಳಿ ಕಳಿಸಿದಳು. ಅಪ್ಪ ಬರುವ ಹೊತ್ತಿಗೆ ಅಕ್ಕನ ಹೊರಸು ನಡುಗುತ್ತಿತ್ತು. ಐದು ಕೌದಿ ಹೊದಿಸಿದರೂ ನಡುಗುತ್ತಿತ್ತು. ಊರಿನ ಡಾಕ್ಟರು ಕಣ್ಣಿನ ರೆಪ್ಪೆ ಎತ್ತಿ ನೋಡಿ, ಈಗಿಂದೀಗ ಹುಬ್ಬಳ್ಳಿಗೆ ಒಯ್ಯಿರಿ ಎಂದರು. ಹತ್ತಿ ಹೇರಲು ಬಂದಿದ್ದ ಟೆಂಪೋದಲ್ಲಿ ಹತ್ತಿಯ ಬದಲು ಅಕ್ಕನನ್ನು ಮಲಗಿಸಿಕೊಂಡು ಅಪ್ಪ ಅವ್ವ ಹೊರಟರು. ಹಿತ್ತಲ ಕಡೆಯಿಂದಲೇ ಹೊತ್ತು ತಂದರು. ಬುಟ್ಟಿಯ ಹತ್ತಿರ ಬಂದಾಗ ಅಕ್ಕ ಕೌದಿಯಿಂದ ಮುಖ ಹೊರಗೆ ಮಾಡಿ ನನ್ನನ್ನು ನೋಡಿದಳು.

“ಅದಕ್ಕ ನೀರ ಇಡ ಕಸ್ತೂರಿ. ನಾ ಬರೂತನಾ.”

ನಾನು ಮತ್ತು ಆಯಿ ಉಳಿದೆವು. ಮರುದಿನ ಬೆಳಿಗ್ಗೆ ಆಯಿ ತಾನೇ ಒಲೆ ಹೊತ್ತಿಸಿದಳು. ಬೆಲ್ಲದ ಡಬ್ಬಿ ತೆರೆದು, ಮುರಿಯದೆ, ಇದ್ದ ಉಂಡೆಯನ್ನೇ ನೀರಿಗೆ ಹಾಕಿದಳು. ನಾನು ಆಕೆಯ ಮುಖ ನೋಡಿದೆ. ಆಕೆ ನನ್ನ ಮುಖ ನೋಡಲಿಲ್ಲ. ಬುಟ್ಟಿಯನ್ನು ತುಸು ಎತ್ತಿ ತಂಬೂರದವ್ವನಿಗೆ ನೀರು ಸರಿಸಿದೆವು.

ಮಧ್ಯಾಹ್ನ ಟೆಂಪೋ ಬಂತು. ಅದು ಬಂದ ನಿಧಾನದಿಂದಲೇ ಓಣಿಯವರಿಗೆ ತಿಳಿಯಿತು.

ತಂಬೂರದಿಂದ ಅಕ್ಕನ ಗಂಡ ಬಂದ. ಗೋಡೆಗೆ ತಲೆ ಆನಿಸಿ ನಿಂತವನು ಸಂಜೆಯವರೆಗೆ ಹಾಗೇ ನಿಂತಿದ್ದ. ಪಡಸಾಲೆಯಲ್ಲಿ ಅಕ್ಕನನ್ನು ಕೂಡಿಸಿದ್ದರು. ಮಣ್ಣಿಗೆ ಒಯ್ಯುವ ಮೊದಲು ಮನೆಯವರು ಒಬ್ಬೊಬ್ಬರಾಗಿ ಬಾಯಿಗೆ ನೀರು ಬಿಡಬೇಕು. ಹಿರಿಯರೊಬ್ಬರು ಕೊಡದಿಂದ ತಂಬಿಗೆ ತುಂಬಿ ಅಪ್ಪನ ಕೈಗೆ ಕೊಟ್ಟರು. ಅವ್ವ ಕೈ ಅಡ್ಡ ತಂದಳು.

“ತಡೀರಿ. ಬಾಣಂತಿಗೆ ತಣ್ಣೀರ ಬಿಡಬ್ಯಾಡ್ರಿ.”

ಹಿರಿಯರು ಒಬ್ಬರನ್ನೊಬ್ಬರು ನೋಡಿದರು. ಸಾವಾದ ಮನೆಯಲ್ಲಿ ಒಲೆ ಹೊತ್ತಿಸುವಂತಿಲ್ಲ. ಈಗ ಆಕೆಗೆ ತಣ್ಣೀರೇನು ಬಿಸಿನೀರೇನು ಎಂದು ಯಾರೋ ಮೆಲ್ಲಗೆ ಸಮಾಧಾನ ಹೇಳಹೋದರು. ಅವ್ವ ಕೈ ತೆಗೆಯಲಿಲ್ಲ. ಮುಂಬಾಗಿಲ ಹೊರಗೆ, ಹೆಂಗಸರ ಹಿಂದೆ ನಿಂತಿದ್ದ ಗುರುಬಸವ್ವನವರು ತಿರುಗಿ ತಮ್ಮ ಮನೆಗೆ ನಡೆದದ್ದನ್ನು ನಾನು ಕಂಡೆ. ಎಲ್ಲರೂ ಕಾದರು. ಸ್ವಲ್ಪ ಹೊತ್ತಿಗೆ ಆಕೆ ಸೆರಗಿನಡಿ ತಾಮ್ರದ ಚರಿಗೆ ಹಿಡಿದು ಬಂದು, ಹೊಸ್ತಿಲ ಬಳಿ ಒಂದು ಗಳಿಗೆ ನಿಂತು, ದಾಟಿ ಒಳಗೆ ಬಂದರು.

“ಅಜವಾನ ಹಾಕೀನಿ ನೀಲವ್ವ. ಬೆಲ್ಲಾನೂ.”

ಅವ್ವ ಚರಿಗೆಯ ನೀರನ್ನು ಬಟ್ಟಲಿಗೆ ಬಗ್ಗಿಸಿಕೊಂಡು ಮೊಣಕೈ ಅದ್ದಿ ನೋಡಿದಳು. ಇನ್ನೂ ತುಸು ಆರಲಿ ಎಂದಳು. ಆರುವವರೆಗೆ ಊರ ಹಿರಿಯರೆಲ್ಲ ಕಾದರು. ಆಮೇಲೆ ಮಗಳ ತುಟಿಗೆ ಬಟ್ಟಲು ಹಚ್ಚಿ ಸ್ವಲ್ಪ ಸ್ವಲ್ಪವಾಗಿ ಬಿಟ್ಟಳು. ಅಷ್ಟು ದಿನದಲ್ಲಿ ಅಕ್ಕ ಕುಡಿದ ಅಜವಾನದ ನೀರು ಅದೊಂದೇ. ಅದರಲ್ಲಿಯೂ ಹೆಚ್ಚಿನದು ಗದ್ದದ ಮೇಲೆ ಹರಿಯಿತು. ಅವ್ವ ಸೆರಗಿನಿಂದ ಒರೆಸಿದಳು.

ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ಅಪ್ಪ ಮುಂದೆ ಹಲವು ಸಲ ಅವ್ವನಿಗೆ ಬಿಡಿಸಿ ಹೇಳಿದ. ಹೆರಿಗೆಯಲ್ಲಿ ಮಾಸಿನ ತುಣುಕೊಂದು ಒಳಗೇ ಉಳಿದು ನಂಜೇರಿತ್ತು; ಯಾವ ನೀರು ಕುಡಿದಿದ್ದರೂ, ಎಷ್ಟು ಕೋಳಿ ತಿಂದಿದ್ದರೂ ಅದು ನಿಲ್ಲುವಂಥದಲ್ಲ. ಅವ್ವ ಪ್ರತಿ ಸಲ ಕೊನೆಯವರೆಗೂ ಕೇಳಿ, “ಎಲ್ಲಾ ಕೋಳಿ ಹೊಟ್ಟ್ಯಾಗ ಉಳೀತು” ಎನ್ನುತ್ತಿದ್ದಳು. ಆ ನಾಲ್ಕು ಹ್ಯಾಟೆಗಳನ್ನು ಕೊಯ್ಯಲಿಲ್ಲ, ಮಾರಲಿಲ್ಲ. ಮುದಿಯಾಗಿ, ಮೊಟ್ಟೆ ನಿಂತು, ತಾವಾಗಿಯೇ ಹೋದವು. ಆಯಿ ದಲಾಲಿಯ ಮಾತನ್ನು ಮತ್ತೆಂದೂ ಎತ್ತಲಿಲ್ಲ. ಆದರೆ ಇದೆಲ್ಲ ಆಮೇಲಿನದು.

ಬಾಣಂತಿಯಾಗಿ ಸತ್ತವಳು ಕೂಸನ್ನು ಹುಡುಕಿಕೊಂಡು ಮನೆಗೆ ತಿರುಗಿ ಬರುತ್ತಾಳೆ ಎಂಬ ಹೆದರಿಕೆ ನಮ್ಮ ಕಡೆ ಇದೆ. ಅದಕ್ಕೆ ಹೆಣ ಹೊರಟ ಮೇಲೆ ಮುಂಬಾಗಿಲಿನಿಂದ ಓಣಿಯ ತುದಿಯವರೆಗೆ ನವಣೆ ಚೆಲ್ಲುತ್ತಾರೆ. ಬರುವವಳು ಪ್ರತಿ ಕಾಳನ್ನೂ ಹೆಕ್ಕಿಯೇ ಮುಂದೆ ಬರಬೇಕು. ಹೆಕ್ಕಿ ಮುಗಿಯುವುದರೊಳಗೆ ಬೆಳಗಾಗಿ ಹಿಂದಿರುಗುತ್ತಾಳೆ. ನವಣೆ ಚೆಲ್ಲುವ ಕೆಲಸ ಮನೆಯ ಹಿರಿಯಳದು. ಆಯಿ ಮೊರ ಹಿಡಿದು, ಬಗ್ಗಿದ ಬೆನ್ನನ್ನು ಇನ್ನೂ ಬಗ್ಗಿಸಿ, ಮೊಮ್ಮಗಳ ದಾರಿಯನ್ನು ಹಿಡಿ ಹಿಡಿಯಾಗಿ ಮುಚ್ಚುತ್ತ ಓಣಿಯ ತುದಿಯವರೆಗೆ ಹೋಗಿ ಬಂದಳು.

ಮರುದಿನ ಬೆಳಿಗ್ಗೆ ಅವ್ವ ಎದ್ದು ಹಿತ್ತಲಿಗೆ ಹೋಗಿ ಬುಟ್ಟಿಯ ಮೇಲಿನ ಕಲ್ಲು ಎತ್ತಿದಳು. ತಂಬೂರದವ್ವ ಹೊರಗೆ ಬಂದು ರೆಕ್ಕೆ ಕೊಡವಿ, ಕತ್ತು ವಾರೆ ಮಾಡಿ ಅವ್ವನನ್ನು ನೋಡಿತು. ಉಳಿದ ಮೂರು ಅದನ್ನು ಕೂಡಿಕೊಂಡವು. ಒಲೆ ಉರಿದಿರಲಿಲ್ಲ, ನೀರಿರಲಿಲ್ಲ. ಅವು ತುಸು ಕಾದು, ಮನೆಯ ಬಾಜುವಿನ ಸಂದಿಯಿಂದ ಮುಂದಿನ ಓಣಿಗೆ ಹೋದವು. ಆಯಿಯ ಕೂಗು ಕೇಳಿ ನಾನು ಮುಂಬಾಗಿಲಿಗೆ ಬಂದೆ. ನಾಲ್ಕೂ ಹ್ಯಾಟೆಗಳು ನಮ್ಮ ಹೊಸ್ತಿಲಿನಿಂದ ಶುರುಮಾಡಿ ನವಣೆ ಹೆಕ್ಕುತ್ತಿದ್ದವು. ಬಹಳ ಶ್ರದ್ಧೆಯಿಂದ, ಒಂದು ಕಾಳೂ ಬಿಡದೆ, ಓಣಿಯ ತುದಿಯ ಕಡೆಗೆ ಹೆಕ್ಕುತ್ತ ಹೊರಟಿದ್ದವು. ಆಯಿ ಕೋಲು ಹುಡುಕುತ್ತಿದ್ದಳು.

“ಅಟ್ಟ ಅವನ್ನ ಕಸ್ತೂರಿ. ಎಲ್ಲಾ ತಿಂತಾವ. ದಾರಿ ತೆರೀತೈತಿ.”

ನನ್ನ ಹಿಂದೆ ಅವ್ವ ಬಂದು ನಿಂತಿದ್ದಳು.

“ತಿನ್ಲಿ ಬಿಡ್ರಿ ಅತ್ತಿ,” ಎಂದಳು. “ತೆರೀಲಿ.”

ಆಯಿ ಕೋಲನ್ನು ಕೆಳಗಿಟ್ಟಳು. ಆಮೇಲೆ ಅದರ ಪಕ್ಕದಲ್ಲಿ ತಾನೂ ಕೂತಳು. ನಾವು ಮೂವರೂ ನೋಡುತ್ತಿರುವಂತೆ ಕೋಳಿಗಳು ಓಣಿಯ ತುದಿ ಮುಟ್ಟಿದವು.

ಒಣಕಾಳು ತಿಂದ ಕೋಳಿಗೆ ನೀರಡಿಸುತ್ತದೆ. ಹಿತ್ತಲ ಕಡೆಯಿಂದ ದನಿ ಕೇಳಿಸಿತು. ಗೋಡೆಯ ಮೇಲೆ ತಾಮ್ರದ ಚರಿಗೆ ಇತ್ತು, ಅದರ ಬಾಯಿಂದ ಹಬೆ ಏಳುತ್ತಿತ್ತು.

“ನಿಮ್ಮ ಪಕ್ಷಿಗೋಳಿಗ್ರಿ ನೀಲವ್ವ.”

ಅಂದು ಕರುವಿನ ಮಾತಿರಲಿಲ್ಲ. ಅವ್ವ ಚರಿಗೆ ಇಳಿಸಿಕೊಂಡು ಒಳಗೆ ಹೋದಳು. ಕೋಳಿಗಳು ಓಣಿಯಿಂದ ಮರಳಿ ಬಂದು, ಅಡಿಗೆಮನೆಯ ಬಾಗಿಲ ಕಡೆ ತಿರುಗಿಯೂ ನೋಡದೆ, ಕತ್ತಲ ಕೋಣೆಯ ಕಿಟಕಿಯ ಕೆಳಗೆ ಸಾಲಾಗಿ ನಿಂತವು. ನಾನು ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಕಿಟಕಿಯಿಂದ ಅಕ್ಕನ ತಂಬಿಗೆ ಹಿಡಿದ ಒಂದು ಕೈ ಹೊರಗೆ ಬಂತು. ಬಳೆಗಳು ಬೇರೆಯವು. ಕೋಳಿಗಳಿಗೆ ವ್ಯತ್ಯಾಸ ತಿಳಿಯಲಿಲ್ಲ. ಕಲ್ಲಿನ ದೋಣಿಗೆ ನೀರು ಬಿದ್ದೊಡನೆ ಕೊಕ್ಕು ಅದ್ದಿದವು, ಗುಟುಕಿಗೊಮ್ಮೆ ತಲೆ ಎತ್ತಿ ಕಿಟಕಿಯನ್ನು ನೋಡಿದವು, ಮತ್ತೆ ಕುಡಿದವು.